ಮುಚ್ಚಳ

ತಾರಿಹಾಳದ ಶೆಡ್ಡಿನಾಗ
ಮೂರನೇ ಸಲ ಹರೀತು ತಂತಿ.
ಮಕ್ತುಮನ ಮೊಣಕೈ ಮ್ಯಾಲೆ ಕೆಂಪು ಗೆರಿ.

ತಂತಿ ಖೊಟ್ಟಿ, ಅಂದ್ರು ಮಾಲಕರು,
ಹನ್ನೆರಡು ಗೇಜು ಅಂತ ಹದಿನಾಲ್ಕು ಕೊಟ್ಟಾನ.
ಗಂಟು ಸಡ್ಲ, ಅಂದ ಮೇಸ್ತ್ರಿ,
ನಾಕು ಸುತ್ತು ತಿರುವ್ರಿ.
ತಿರುವಿದ್ರು.
ರಟ್ಟಿನ ಬೇಲು ಸುಮ್ಮನ ಕುಂತಿತ್ತು,
ಬಾಟ್ಲಿ ಬೇಲು ಮಾತ್ರ
ಪ್ರೆಸ್ಸು ಬಿಡತಿದ್ದಂಗ ಉಬ್ಬತಿತ್ತು.

ಮಾಲು ಆರಿಸೋ ರೇಣವ್ವ
ಒಂದು ಬಾಟ್ಲಿ ಎತ್ತಿ
ಮುಚ್ಚಳ ತಿರುವಿದ್ಲು.
ಹುಸ್ ಅಂತು:
ಗದಗ ಬಸ್ಸಿನಾಗೋ, ಯಾರ ಮದುವಿಯಾಗೋ
ಕುಡುದವರು ಬಿಗಿದಿಟ್ಟ ಗಾಳಿ.

“ಉಸಿರು ಕಟ್ಟಿ ಕುಂತಾವು.
ಕಟ್ಟು ಹರೀದೇ ಏನ್ ಮಾಡ್ಯಾವು?”

ಸಂಜೀತನಕ ಹನ್ನೊಂದು ಮಂದಿ
ಮುಚ್ಚಳ ತೆಗದ್ರು.
ತಂತಿ ತಡೀತು.
ಲಾರಿ ಹೋತು.

ರೇಣವ್ವನ ಅಂಗೈಯಾಗ ಬೊಬ್ಬಿ.
ಮುಚ್ಚಳದ ಕೂಲಿ ಬ್ಯಾರೆ
ಅಂತ ಕೇಳಬೇಕು ಅಕಿ.
ಇನ್ನೂ ಕೇಳಿಲ್ಲ.