ಕಡ

ಸೇತುವೆ ಕೊನೆಯ ಸಲ ಇಳಿದದ್ದು ಐದೂ ಮುಕ್ಕಾಲಿಗೆ.
ಅದಿರು ಹೊತ್ತ ಹಡಗೊಂದು ಡುಲೂತ್ ಬಂದರು ಬಿಟ್ಟು
ಸುಪೀರಿಯರ್ ಸರೋವರದ ಮಂಜಿನೊಳಗೆ ಹೋಯಿತು.
ಐಲಾ ಕೈಗವಸು ಕಳಚಿ, ಪಾಳಿಯ ಪುಸ್ತಕಕ್ಕೆ ರುಜು ಹಾಕಿ
ಮನೆಗೆ ಬಂದಳು. ಮಲಗಲಿಲ್ಲ.

ಅಡುಗೆಮನೆಯ ಮೇಜು, ಆರಿದ ಕಾಫಿ, ಲ್ಯಾಪ್‌ಟಾಪಿನಲ್ಲಿ ಮೂರು ಕಿಟಕಿ.
ಸರೋವರದ ನೀರಲ್ಲೇ ಕಾರು ಓಡಿಸುತ್ತೇವೆಂಬ ಕಂಪನಿಯ ಷೇರು
ವಾರದಲ್ಲಿ ನಾಲ್ಕು ಡಾಲರಿನಿಂದ ಹತ್ತೊಂಬತ್ತಕ್ಕೆ ಏರಿದೆ.
ಬೀಳುತ್ತದೆ. ಬಿದ್ದೇ ಬೀಳುತ್ತದೆ.
ಎತ್ತಿದ್ದು ಇಳಿಯಲೇಬೇಕೆಂದು
ಇಪ್ಪತ್ತು ವರ್ಷ ಸೇತುವೆ ಎತ್ತಿ ಇಳಿಸಿದವಳಿಗೆ
ಯಾರು ಹೇಳಿಕೊಡಬೇಕು?

ಆದರೆ ಇಲ್ಲದ್ದನ್ನು ಮಾರುವ ಮುಂಚೆ
ಇದ್ದವರ ಹತ್ತಿರ ಕಡ ತರಬೇಕು.
ಸಾಲವಲ್ಲ, ಕಡ:
ಪಾವು ಸಕ್ಕರೆ ತಂದರೆ ಪಾವು ಸಕ್ಕರೆಯೇ ವಾಪಸು,
ಅಷ್ಟರಲ್ಲಿ ಸಕ್ಕರೆಗೆ ಬಂಗಾರದ ಬೆಲೆ ಬಂದಿದ್ದರೂ.

ಹಳೆಯ ಬ್ರೋಕರ್, ಅಪ್ಪನ ಕಾಲದವನು: ಸೊನ್ನೆ.
ಅಲ್ಲಿರುವವರೆಲ್ಲ ರೊಕ್ಕ ಎಣಿಸಿ ಕೊಂಡವರು,
ಅವರ ಪೆಟ್ಟಿಗೆಯ ಬೀಗದ ಕೈ ಇವನಲ್ಲಿಲ್ಲ.
ಚಿಕಾಗೋದವನಲ್ಲಿ ಇದೆ,
ಬಾಡಿಗೆ ವರ್ಷಕ್ಕೆ ನೂರಕ್ಕೆ ನೂರಾ ನಲವತ್ತು,
ಹುಡುಕಿಕೊಟ್ಟದ್ದಕ್ಕೆ ಕೂಲಿ ಬೇರೆ.
ಮೂರನೆಯದು ಮೊನ್ನೆ ಹುಟ್ಟಿದ ಆ್ಯಪ್,
ಹುಡುಗರ ಆಟಿಕೆಯೆಂದು ಅವಳೇ ನಕ್ಕಿದ್ದಳು:
ಒಂಬೈನೂರು ಇವೆ, ಬಾಡಿಗೆ ಜುಜುಬಿ.
ರೆಪ್ಪೆ ಬಡಿಯುವುದರೊಳಗೆ ಆರುನೂರು.
ಅಷ್ಟನ್ನೂ ಬಾಚಿಕೊಂಡಳು.

ಅದೇ ಕಂಪನಿ, ಅದೇ ಬೆಳಗು.
ಒಂದು ಬಾಗಿಲಲ್ಲಿ ಬರ, ಪಕ್ಕದ ಬಾಗಿಲಲ್ಲಿ ಸುಗ್ಗಿ.
ಯಾರ ಉಗ್ರಾಣದ್ದೆಂದು ಕೇಳುವ ಹಾಗಿಲ್ಲ;
ಕೊಟ್ಟವನಿಗೂ ಗೊತ್ತಿರುವುದಿಲ್ಲ ಕೊಟ್ಟಿದ್ದೇನೆಂದು.

ಶನಿವಾರ ಅಣ್ಣನ ಮನೆಯಲ್ಲಿ ಸೌನಾ.
ಮೈಯಿಂದ ಹಬೆ ಏಳುತ್ತಿರುವಾಗಲೇ ಮೆಟ್ಟಿಲ ಮೇಲೆ ಕೂತು
ತೌನೋ ಹೇಳಿದ: 'ಆ ನೀರಿನ ಕಾರಿನ ಷೇರು ತಗೊಂಡಿದೀನಿ ಕಣೇ,
ಹೊಸ ಆ್ಯಪಿನಲ್ಲಿ, ಅರ್ಧ ದುಡ್ಡು ಅವರದೇ.
ಏಳೋಕೆ ಬಿಡ್ತಿಲ್ಲ, ಯಾವನೋ ತುಳೀತಿದಾನೆ.'
ಎಷ್ಟು ತಗೊಂಡೆ ಅಂತ ಐಲಾ ಕೇಳಲಿಲ್ಲ.
ಬರ್ಚ್ ಎಲೆಯೊಂದು ಅವನ ಭುಜಕ್ಕೆ ಅಂಟಿತ್ತು,
ಅದನ್ನು ತೆಗೆದಳು.

ಮಂಗಳವಾರ ಸಂದೇಶ ಬಂತು:
ಕೊಟ್ಟವರು ವಾಪಸು ಕೇಳಿದ್ದಾರೆ, ಸಂಜೆಯೊಳಗೆ.
ಬೆಲೆ ಇಪ್ಪತ್ತಾರು.
ಚಿಕಾಗೋದಲ್ಲಿ ಈಗ ಸೊನ್ನೆ. ಹಳೆಯವನಲ್ಲಿ, ನಂಬುತ್ತೀರಾ, ನಲವತ್ತು ಇದ್ದವು.
ನಲವತ್ತರಿಂದ ಆರುನೂರು ತೀರುತ್ತದೆಯೇ?
ಕೊಂಡಳು. ತೀರಿಸಿದಳು. ಚಳಿಗಾಲದ ಸೌದೆಯ ದುಡ್ಡು ಅದು.

ಬಿತ್ತು, ಬೀಳದೆ ಇರಲಿಲ್ಲ. ಮೂರು ವಾರ ತಡ, ಅಷ್ಟೆ.
ಈಗ ಎರಡು ಡಾಲರಿಗೊಂದು;
ಮೂವರ ಬಳಿಯೂ ರಾಶಿ ಬಿದ್ದಿದೆ, ಬಾಡಿಗೆಯೇ ಇಲ್ಲ,
ಕಡ ಕೇಳುವವರೂ ಇಲ್ಲ.
ತೌನೋ ಫೋನ್ ಎತ್ತುತ್ತಿಲ್ಲ.

ದೂರದಲ್ಲಿ ಹಡಗು ಕೂಗಿತು: ಒಂದು ಉದ್ದ, ಎರಡು ಗಿಡ್ಡ.
ಐಲಾ ಗುಂಡಿ ಒತ್ತಿದಳು.
ಸಾವಿರ ಟನ್ ಕಬ್ಬಿಣ ಮೆಲ್ಲಗೆ ಮೇಲೆದ್ದಿತು,
ಯಾರ ಹಂಗೂ ಇಲ್ಲದೆ.