ಕೆಟ್ಟಿದೆ

ಒಳಗೆ ಹೋದವರ ಹೆಸರು ಬರೆದಿಡುವುದು ನನ್ನ ಕೆಲಸ.
ಎರ್ಮೊಸಿಯೊ ನಗರ, ಕಾಲೇಜಿನ ವ್ಯಾಯಾಮಶಾಲೆ,
ಸಂಜೆ ಪಾಳಿ, ಒಂದು ಸ್ಟೂಲು, ಒಂದು ಫ್ಯಾನು,
ಫ್ಯಾನಿನ ಮುಖ ಗೋಡೆಗೆ.
ಬಾಗಿಲ ತನಕ ಬಂದು ಹಾಗೇ ತಿರುಗಿದವರಿಗೆ
ನನ್ನ ಪುಸ್ತಕದಲ್ಲಿ ಕಾಲಂ ಇಲ್ಲ.

ಅವರನ್ನು ಕಾಲಿನಿಂದಲೇ ಗುರುತಿಸುತ್ತೇನೆ:
ಹೊಸ ಬೂಟು, ಲೇಸಿನಲ್ಲಿ ಇನ್ನೂ ಅಂಗಡಿಯ ಮಡಿಕೆ.
ಫೋನು ಬಂದಂತೆ ಕಿವಿಗೆ ಹಿಡಿದು
ಯಾರೂ ಇಲ್ಲದ ಆ ತುದಿಗೆ
"ಹಾಂ, ಬಂದೆ" ಅನ್ನುತ್ತಾರೆ.

ಬ್ರಿಸೇಯ್ದಾ ಹಾಗೆ ಬಂದವಳು. ಲೆಕ್ಕಶಾಸ್ತ್ರ, ಮೂರನೇ ಸೆಮಿಸ್ಟರು.
ಮೇ ತಿಂಗಳು; ಏಳು ಗಂಟೆಗೂ ಡಾಂಬರು
ಬೂಟಿನ ತಳ ಹಿಡಿದೆಳೆಯುವ ಹೊತ್ತು.
ಕಾರ್ಡು ತೋರಿಸಿದಳು, ಹಸಿರು ದೀಪ ಹತ್ತಿತು.
ದೀಪಕ್ಕೇನು, ಅದು ಯಾರಿಗಾದರೂ ಹತ್ತುತ್ತದೆ.
ಮೂರು ತೋಳಿನ ಕಬ್ಬಿಣದ ಗಿರಕಿ,
ಅದರ ಅಳತೆ ತೆಗೆದವನು ಯಾರ ಸೊಂಟ ನೋಡಿದ್ದನೋ.
ಎದುರಾಗಿ ನಿಂತಳು, ಅಡ್ಡವಾಗಿ ನಿಂತಳು,
ಉಸಿರು ಒಳಗೆಳೆದಳು,
ಉಸಿರಿನ ಮಾತು ಮೂಳೆ ಕೇಳುವುದಿಲ್ಲವಲ್ಲ.
ಹಿಂದೆ ಸಾಲು. ಯಾರೂ ನಗಲಿಲ್ಲ,
ನಗದಿರಲು ಅವರು ಪಟ್ಟ ಕಷ್ಟ ಮಾತ್ರ
ಎಲ್ಲರಿಗೂ ಕೇಳಿಸಿತು.

ನಾನು ಎದ್ದೆ. ಒಳ್ಳೆಯವನು ನಾನು, ಮೊಮ್ಮಕ್ಕಳಿರುವವನು.
ಪಕ್ಕದ ದೊಡ್ಡ ಬಾಗಿಲ ಚಿಲಕ ತೆಗೆದು ಕರೆದೆ:
"ಇಲ್ಲಿ ಬಾ ಮಗಳೇ, ಇದು ಸಾಮಾನು ಸಾಗಿಸುವ ಬಾಗಿಲು."
ನನ್ನ ಅಂಗಿಯ ಮೇಲಿನ ಹೆಸರು ಓದಿ
"ಸಾಮಾನಲ್ಲ ನಾನು, ದೋನ್ ಎಲೆವುತೇರಿಯೊ" ಅಂದಳು,
ಮೆಲ್ಲಗೆ, ನನಗೆ ನೋವಾಗದ ಹಾಗೆ.
ಆ ರಾತ್ರಿ ನನ್ನ ಒಳ್ಳೆಯತನ ನನಗೇ ಅಜೀರ್ಣ.

ಆಮೇಲೂ ಬರುತ್ತಿದ್ದಳು. ಒಳಗಲ್ಲ,
ನನ್ನ ಸ್ಟೂಲಿನ ಪಕ್ಕದ ಮೆಟ್ಟಿಲಿಗೆ, ಬಸ್ಸಿಗೆ ಕಾಯಲು.
ಕೇಳದೆಯೇ ಹೇಳುತ್ತಿದ್ದಳು,
ಹಳೇ ಬಿಲ್ಲುಗಳನ್ನು ಕೂಡಿಸುವವಳ ಹಾಗೆ:
ಬೆಳಗಿನ ನಾಲ್ಕಕ್ಕೆ ಎದ್ದು ತಾಯಿಯ ಗಾಡಿಗೆ ಹಿಟ್ಟು ನಾದಬೇಕು,
ಮೊಣಕೈ ತನಕ ಹರಡುವ ಅಗಲದ ರೊಟ್ಟಿ, ಇನ್ನೂರು.
ಅದು ವ್ಯಾಯಾಮವಲ್ಲವಂತೆ, ಡಾಕ್ಟರನ್ನು ಕೇಳಿದ್ದಾಳೆ.
ಡಾಕ್ಟರು ತಲೆ ಎತ್ತದೆ "ನಡೆ" ಅಂತ ಬರೆದ,
ಎಲ್ಲಿ ಅಂತ ಬರೆಯಲಿಲ್ಲ.
ಅವಳ ಬೀದಿಗೆ ಫುಟ್‌ಪಾತಿಲ್ಲ, ನಾಯಿಗಳಿವೆ,
ನಾಯಿಗಿಂತ ಮುಂಚೆ ಬೊಗಳುವ ಹುಡುಗರಿದ್ದಾರೆ.
ತೊಡೆಗೆ ತೊಡೆ ಉಜ್ಜಿ ಎರಡನೇ ದಿನಕ್ಕೆ ಹುಣ್ಣು.
ಕ್ರೀಡಾ ವಿಭಾಗದ ಟೀ ಶರ್ಟು
ಅವಳ ಅಳತೆಗೆ ಎರಡು ಮನೆ ಮೊದಲೇ ನಿಂತುಬಿಡುತ್ತದೆ.
ಕೊನೆಯ ಬಸ್ಸು ಎಂಟು ನಲವತ್ತಕ್ಕೆ.
"ಸೋಮಾರಿತನ ಅನ್ನುತ್ತಾರೆ, ದೋನ್. ಇರಬಹುದು.
ಒಂದಿಷ್ಟು ಬಿಡುವು ಸಿಕ್ಕರೆ ಅದನ್ನೂ ಮಾಡಿ ನೋಡುತ್ತಿದ್ದೆ."

ಅರ್ಜಿ ಬರೆದೆ, ಮೂರು ಪ್ರತಿ:
ಗಿರಕಿ ತೆಗೆಯಿರಿ, ಇಲ್ಲ ಅಗಲ ಮಾಡಿ.
ನಲವತ್ತು ದಿನಕ್ಕೆ ಉತ್ತರ: ದಾಖಲೆ ಪರಿಶೀಲಿಸಲಾಗಿದೆ,
ಪ್ರವೇಶಿಸಿದ ಯಾವ ವಿದ್ಯಾರ್ಥಿಯೂ ಈವರೆಗೆ ದೂರಿಲ್ಲ.
ದಾಖಲೆ ಅಂದರೆ ನನ್ನದೇ ಪುಸ್ತಕ,
ನನ್ನದೇ ದುಂಡಗಿನ ಅಕ್ಷರ.

ಗುರುವಾರ ಒಂದು ರಟ್ಟು ಹರಿದು
ಕಪ್ಪು ಮಸಿಯಲ್ಲಿ ಬರೆದು
ಗಿರಕಿಯ ಕೊರಳಿಗೆ ಕಟ್ಟಿದೆ: ಕೆಟ್ಟಿದೆ.
ಸುಳ್ಳಲ್ಲ ಅದು.
ದೊಡ್ಡ ಬಾಗಿಲು ಹಾರು ಹೊಡೆದಿಟ್ಟೆ.
ಈಜುವವರು ಬಂದರು, ಕುಸ್ತಿಯವರು ಬಂದರು,
ಕನ್ನಡಿಗೆಂದೇ ಬರುವವರು, ಡೀನ್ ಸಾಹೇಬರು ಸಹಿತ
ಸಾಮಾನಿನ ಬಾಗಿಲಲ್ಲೇ ಸಾಲಾಗಿ ನುಗ್ಗಿದರು.

ಅವಳು ಮೆಟ್ಟಿಲಿಂದ ನೋಡಿದಳು.
ಬೋರ್ಡು ಓದಿದಳು. ನನ್ನ ಮುಖ ಓದಿದಳು.
ಎಂಟು ಗಂಟೆ ಹತ್ತು ನಿಮಿಷ.
ಚೀಲ ನನ್ನ ಸ್ಟೂಲಿನ ಮೇಲಿಟ್ಟು ಒಳಗೆ ಹೋದಳು.
ಅಲ್ಲಿ ಗೋಡೆಗೋಡೆಗೂ ಕನ್ನಡಿ;
ಅವಕ್ಕೆಲ್ಲ ಕಟ್ಟಲು ನನ್ನಲ್ಲಿ ಅಷ್ಟು ರಟ್ಟಿಲ್ಲ.

ಹದಿನೆಂಟು ನಿಮಿಷ. ಕೆಂಪಾಗಿ, ನೆಂದು ಬಂದವಳು
ಏನೂ ಹೇಳದೆ ಚೀಲ ಕಸಿದು ಬಸ್ಸಿನತ್ತ ಓಡಿದಳು.
ಓಡಿದಳು, ಡಾಕ್ಟರು ನೋಡಬೇಕಿತ್ತು.
ಬಸ್ಸು ಸಿಕ್ಕಿತೋ ಇಲ್ಲವೋ ಗೋಡೆಯ ಮರೆಗೆ ಕಾಣಲಿಲ್ಲ.

ಪುಸ್ತಕದಲ್ಲಿ ಅವಳ ಹೆಸರು ಬರೆದೆ,
ಒತ್ತಿ, ಕೆಳಗಿನ ಹಾಳೆಗೂ ಮೂಡುವ ಹಾಗೆ.
ಸೋಮವಾರ ರಿಪೇರಿಯವನು ಬರುತ್ತಾನಂತೆ.
ಕೆಟ್ಟಿದ್ದು ಏನು ಅಂತ
ಅವನಿಗೆ ತೋರಿಸಬೇಕು.