ಎಣ್ಣಿ ಕುಡದ ಕಾಗದ

ಶನಿವಾರ ಮಧ್ಯಾಹ್ನ ಕ್ಯಾಂಟೀನಿನ ಗ್ವಾಡಿಗೆ
ಬಿಳಿ ಚಾದರ ಕಟ್ಟಿ ಕಲಿಸಿದರು ನಮಗ:
ಮಾಹಿತಿ ಅಂದರ ಏನು, ಅದು ಯಾರದು.
ಸಿಮೆಂಟಿನ ಧೂಳು ಪ್ರೊಜೆಕ್ಟರಿನ ಬೆಳಕಿನ್ಯಾಗ
ಹಿಟ್ಟು ಜರಡಿ ಹಿಡಿದಂಗ ಇಳೀತಿತ್ತು.

ಹುಬ್ಬಳ್ಳಿಯಿಂದ ಬಂದಾಕಿ, ಕುಬಸದ ಮೇಡಂ, ಸಣ್ಣ ವಯಸ್ಸು,
ಛಲೋನ ಹೇಳಿದಳು, ಸುಳ್ಳ್ಯಾಕ.
ನಿಮ್ಮ ರಕ್ತದ ಗುಂಪು ನಿಮ್ಮದು, ನಿಮ್ಮ ಬ್ಯಾನಿ ನಿಮ್ಮದು, ಸಾಲಾನೂ ನಿಮ್ಮದ.
ಕೆಲಸಕ್ಕ ಎಷ್ಟು ಬೇಕೋ ಅಷ್ಟ ಕೇಳಬೇಕು ಕಂಪನಿ,
ಕೇಳಿದ್ದನ್ನ ಕಾಯಬೇಕು, ಗರಜು ತೀರಿದ ಮ್ಯಾಲ ಅಳಿಸಬೇಕು.
ಕ್ರೇನಿನ ದ್ಯಾಮಣ್ಣ ಎದ್ದು ಕೇಳಿದ:
"ಸಾಲ ಖರೇನ ನಂದ ಏನ್ರಿ? ಬ್ಯಾಂಕಿಂದು ಅಂತ ತಿಳಿದಿದ್ದೆ."
ನಕ್ಕಿವಿ ಎಲ್ಲಾರೂ.

ನಾನು ಹಳೇ ಬಾಗಲಕೋಟಿ ಹುಡುಗಿ. ಹಿನ್ನೀರು ಬರೂ ಮುಂದ
ಸರ್ವೇದವರು ಬರಕೊಂಡು ಹೋಗಿದ್ದರು
ಕಿಡಕಿ ಎಷ್ಟು, ತೊಲಿ ಎಷ್ಟು, ಉಣ್ಣೂ ಬಾಯಿ ಎಷ್ಟು.
ನಮಗ ಬಂದ ಪರಿಹಾರ ಎಷ್ಟಂತ
ಮೊದಲು ಚಾದಂಗಡಿಗೆ ಗೊತ್ತಾತು, ಆಮ್ಯಾಲ ನಮ್ಮಪ್ಪಗ.
ನವನಗರಕ್ಕ ಬಂದಿವಿ: ಸೆಕ್ಟರ್ ನಂಬರ, ಸೈಟ್ ನಂಬರ.
ಗುಟ್ಟು ಅನ್ನೂ ಸಾಮಾನು
ಆ ಟ್ರ್ಯಾಕ್ಟರಿನ್ಯಾಗ ಹೇರಿದ್ದು ನೆನಪಿಲ್ಲ ನನಗ.

ಕಡೀಕ ಒಂದು ಪ್ರಶ್ನಿ. "ಇನ್ನೊಬ್ಬರ ಮಾಹಿತಿ ಯಾರರ ಹೊರಗ ಬಿಟ್ಟೀರೇನು?
ಹೆದರಬ್ಯಾಡ್ರಿ, ಕೈ ಎತ್ರಿ."
ಫ್ಯಾನು ತಿರಗತಿತ್ತು. ನನ್ನ ಕೈ ತೊಡಿ ಮ್ಯಾಲಿತ್ತು.
ಹತ್ತೊಂಬತ್ತು ವರ್ಷ ಟೈಮ್ ಆಫೀಸು, ಒಂದು ಟಾಚಣಿ ಕಳದಿಲ್ಲ ನಾ.
ಸರ್ಟಿಫಿಕೇಟ್ ಕೊಟ್ಟರು. ಗುರುಬಾಯಿ ಅನ್ನೂದು
ಗುರುಭಾಯಿ ಆಗಿತ್ತು.

ಚಾಕ್ಕಂತ ಗೇಟಿನ ಹೊರಗ ಬಂದಿವಿ. ಮೆಣಸಿನಕಾಯಿ ಭಜಿ,
ಮಾಬುಸಾಬನ ಮಗ ಕಾಗದದಾಗ ಸುತ್ತಿ ಕೊಟ್ಟ.
ಬಿಚ್ಚಿದೆ.
ಮ್ಯಾಲ ನಮ್ಮ ಕಂಪನಿ ಹೆಸರು. ರಜಾ ಅರ್ಜಿ.
ಮಾನ್ಯರೇ, ಇಪ್ಪತ್ತೊಂದು ದಿವಸ
ಧಾರವಾಡದ ಮಾನಸಿಕ ಆಸ್ಪತ್ರೆಯಲ್ಲಿ ದಾಖಲಾಗಬೇಕಾಗಿದೆ,
ದಯವಿಟ್ಟು ಯಾರಿಗೂ ತಿಳಿಸಬಾರದು,
ಮನೆ ಕಟ್ಟಿಸಲು ಹೋಗಿದ್ದಾನೆ ಎನ್ನಿರಿ, ದಯವಿಟ್ಟು.
ಎರಡೂ ದಯವಿಟ್ಟುಗಳಿಗೆ ಕೆಳಗ ಗೆರಿ ಎಳೆದಿದ್ದ.

ಬರದಾಂವ ಎದುರಿಗೇ ಕುಂತಿದ್ದ, ಬಶಿಯೊಳಗ ಚಾ ಆರಿಸಕೋತ.
ಹೆಸರು ಹೇಳೂದಿಲ್ಲ. ಯಾವ ಸೆಕ್ಷನ್, ಅದೂ ಹೇಳೂದಿಲ್ಲ.
ದ್ಯಾಮಣ್ಣ ಅಲ್ಲ ಅಂದರೂ
ಒಂದು ಹೆಸರು ಕಡಿಮಿ ಮಾಡಿ ಕೊಟ್ಟಂಗ.
ಅದನ್ನೂ ಹೇಳಬಾರದಿತ್ತು.

ರದ್ದಿ ನಾನ ಮಾರಿದ್ದೆ. ದೀಪಾವಳಿ ಮುಂದ, ನಲವತ್ತೆರಡು ಕಿಲೊ,
ಕಪಾಟು ಖಾಲಿ ಆಗಲಿ ಅಂತ. ರಸೀದಿ ಮ್ಯಾಲ ನನ್ನ ಸಹಿ.
ಆ ರೊಕ್ಕದಾಗ ಆಫೀಸಿಗೆ ಪೇಢೆ ತಂದಿದ್ದೆ, ಅಂವನೂ ಒಂದು ತಿಂದ.
ಮಾತು ಆಡಿದ್ರ ಹೋತು, ಮುತ್ತು ಒಡೆದ್ರ ಹೋತು ಅಂತಾರ.
ಕಾಗದ ತಕ್ಕಡಿಗೆ ಹಾಕಿದ್ರ ಏನು ಹೋಕ್ಕೈತಿ,
ಅದನ್ನ್ಯಾರೂ ಹೇಳಿಲ್ಲ.

ಎಣ್ಣಿ ಕುಡದ ಕಾಗದ ಎರಡೂ ಕಡೆ ಕಾಣತೈತಿ.
ನಾ ನೆಟ್ಟಗ ಓದಾಕತ್ತಿದ್ದು
ಅಂವಗ ಕಂಡಿರಬೇಕು, ತನ್ನ ಅಕ್ಷರ ತನಗ ಉಲ್ಟಾ.
"ಏನ ಓದ್ತೀರಿ ಅಕ್ಕಾರ?"
"ಏನಿಲ್ಲಪಾ. ಹಳೇ ಲೆಕ್ಕ."
ಕೈ ಚಾಚಿ ಒಂದು ಭಜಿ ತಗೊಂಡ, ಕಡದ, ಕಣ್ಣಾಗ ನೀರು.
"ಭಾಳ ಖಾರ ಅದಾವ" ಅಂದ.
ಖಾರ ಇರಲಿಲ್ಲ ಅವತ್ತು.

ಸೋಮವಾರ ನಸಿಕಿನ್ಯಾಗ ಮಾಬುಸಾಬನ ಅಂಗಡಿಗೆ ಹೋದೆ.
ಉಳಿದ ರದ್ದಿ ಎಲ್ಲಾ ನನಗ ಕೊಡು ಅಂದೆ.
ಒಂಬತ್ತು ಕಿಲೊ ಇತ್ತು. ನಾ ಮಾರಿದ್ದಕ್ಕಿಂತ ದುಪ್ಪಟ್ಟು ಹೇಳಿದ, ಕೊಟ್ಟೆ.
ಮತ್ತ ಬಾಕಿದ್ದು?
ಅಂವ ಝಾರಿ ಹಿಡಿದ ಕೈಲೆನ
ಊರ ಕಡೆ ತೋರಿಸಿದ.